ಕೊಡೋಕಾ, ಹೊಲಿಸೋಕಾ?

ಹೊಸ ರವಿಕೆ ಕಣದ ಬಂಡಲು ಬಿಚ್ಚಿದರೆ ಒಂದು ವಾಸನೆ ಏಳುತ್ತದೆ. ಗಂಜಿ, ಹಸಿ ಬಣ್ಣ, ಗೋದಾಮಿನ ಧೂಳು ಮೂರೂ ಸೇರಿದ್ದು. ನಿಮಗೆ ಸೀನು ಬರಬಹುದು. ನನಗೆ ಅದು ಅನ್ನದ ವಾಸನೆ. ಮೊನ್ನೆ ಬೆಳಿಗ್ಗೆ ಶಿವಮೊಗ್ಗದ ಗಾಂಧಿ ಬಜಾರಿನ ನನ್ನ ಮ್ಯಾಚಿಂಗ್ ಸೆಂಟರಿನಲ್ಲಿ ಅಂಥದ್ದೊಂದು ಬಂಡಲು ಬಿಚ್ಚಿಕೊಂಡು ಕೂತಿದ್ದೆ. ಇನ್ನೂ ಬೋಣಿ ಆಗಿರಲಿಲ್ಲ. ಹೆಚ್ಚುಕಡಿಮೆ ನನ್ನ ವಯಸ್ಸಿನ ಹೆಂಗಸೊಬ್ಬರು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿದ್ದ ಚೀಲದಿಂದ ತೆಂಗಿನಕಾಯಿ ಜುಟ್ಟು, ವೀಳ್ಯದೆಲೆ ತುದಿ ಇಣುಕುತ್ತಿದ್ದವು.

“ಒಂದು ಬ್ಲೌಸ್ ಪೀಸ್ ಕೊಡಿ.”

“ಕೊಡೋಕಾ, ಹೊಲಿಸೋಕಾ?” ಅಂದೆ.

ಇದು ನಮ್ಮ ಕಸುಬಿನ ಮೊದಲ ಪ್ರಶ್ನೆ. ಗಂಡಸರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಹೇಳಿಬಿಡುತ್ತೇನೆ. ಹೊಲಿಸೋ ಪೀಸು ಅಂದರೆ ಮೈಮೇಲೆ ಹಾಕಿಕೊಳ್ಳುವುದು. ಬಟ್ಟೆ ಗಟ್ಟಿ ಇರಬೇಕು, ಬಣ್ಣ ಬಿಡಬಾರದು, ಅಳತೆ ಪೂರ್ತಿ ಇರಬೇಕು. ಕೊಡೋ ಪೀಸು ಅಂದರೆ ಅರಿಶಿನ ಕುಂಕುಮದ ಜೊತೆ ತಟ್ಟೆಯಲ್ಲಿಟ್ಟು ಕೊಡುವುದು. ಅದನ್ನು ಯಾರೂ ಹೊಲಿಸುವುದಿಲ್ಲ. ಹೊಲಿಸಿದರೆ ಒಂದು ತೋಳಿಗೆ ಬಟ್ಟೆ ಸಾಲುವುದಿಲ್ಲ. ತಗೊಂಡವರು ಟ್ರಂಕಿಗೆ ಹಾಕಿ ಮುಂದಿನ ಗೌರಿ ಹಬ್ಬಕ್ಕೆ ಇನ್ನೊಬ್ಬರಿಗೆ ದಾಟಿಸುತ್ತಾರೆ. ನಾನೇ ಮಾರಿದ ಕಿತ್ತಳೆ ಬಣ್ಣದ ಪೀಸೊಂದು ಊರೆಲ್ಲ ಸುತ್ತಿ ಯಾರದೋ ಗೃಹಪ್ರವೇಶದಲ್ಲಿ ನನ್ನ ಕೈಗೇ ವಾಪಸು ಬಂದಿತ್ತು. ಮಡಿಕೆ ಕೂಡ ನಾನು ಹಾಕಿದ್ದೇ, ಯಾರೂ ಬಿಚ್ಚಿಯೇ ಇರಲಿಲ್ಲ. ಅದನ್ನು ಮತ್ತೆ ಮಾರಿದೆಯಾ ಅಂತ ಕೇಳಬೇಡಿ. ವ್ಯಾಪಾರಿ ನಾನು.

“ಕೊಡೋಕೇ,” ಅಂದರು ಆ ಹೆಂಗಸು. “ಆದ್ರೆ ಸ್ವಲ್ಪ ಚೆನ್ನಾಗಿರೋದೇ ಕೊಡಿ. ಮಗಳನ್ನ ಇವತ್ತು ಮಡಿಲು ತುಂಬಿ ಗಂಡನ ಮನೆಗೆ ವಾಪಸ್ ಕಳಿಸ್ತಿದೀವಿ. ರಾಜಿ ಆಯ್ತು.”

ಕತ್ತರಿ ನನ್ನ ಕೈಯಲ್ಲೇ ನಿಂತಿತು. “ಏನಾಗಿತ್ತು?” ಅಂದೆ.

“ಏನಿಲ್ಲ. ಸಂಸಾರ ಅಂದ್ಮೇಲೆ ಇದ್ದಿದ್ದೇ.”

“ಹೊಡೀತಾನಾ?”

ಅವರು ಬೀದಿ ಕಡೆ ನೋಡಿದರು. “ಬಚ್ಚಲಲ್ಲಿ ಜಾರಿ ಬಿದ್ಳು.”

“ಕೂತ್ಕೊಳ್ಳಿ. ಕಾಫಿ ತರಿಸ್ತೀನಿ,” ಅಂದೆ. ಕೂತರು. ಬಜಾರಿನಲ್ಲಿ ಕಾಫಿ ಬರುವುದಕ್ಕೆ ಹೊತ್ತಾಗುತ್ತದೆ. ಅಷ್ಟರೊಳಗೆ ನಾನು ನಿಮಗೆ ನಾಗವೇಣಿಯ ಕತೆ ಹೇಳಿ ಮುಗಿಸುತ್ತೇನೆ. ಸಿಟ್ಟಿನಲ್ಲಿ ಹೇಳುತ್ತಿದ್ದೇನೆ ಅನ್ನಿಸಿದರೆ ಅನ್ನಿಸಲಿ. ಇಪ್ಪತ್ತು ವರ್ಷ ದಾಟಿದರೂ ಆರದ ಸಿಟ್ಟು ಅದು. ಆರಿಸುವ ಉದ್ದೇಶ ನನಗೂ ಇಲ್ಲ.

ಈ ಅಂಗಡಿ ಮಾಡುವುದಕ್ಕೆ ಮುಂಚೆ, ತೊಂಬತ್ತರ ದಶಕದಲ್ಲಿ, ನನ್ನ ಅಂಗಡಿ ನನ್ನ ತಲೆಮೇಲಿತ್ತು. ದಾವಣಗೆರೆಯಿಂದ ಕಟ್ ಪೀಸ್ ತಂದು, ಗಂಟು ಕಟ್ಟಿ, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸುಗಳಲ್ಲಿ ಮನೆಮನೆಗೆ ಹೊತ್ತು ಮಾರುತ್ತಿದ್ದೆ. ನಮ್ಮಪ್ಪನೂ ಅದೇ ಕಾರ್ಖಾನೆಯಲ್ಲಿ ಕೂಲಿ ಇದ್ದವನು, ಆದ್ದರಿಂದ ಸಾಲು ಮನೆಗಳ ಹಿಂಬಾಗಿಲುಗಳೆಲ್ಲ ಗೊತ್ತು. ಗಂಡಸರು ಫಸ್ಟ್ ಶಿಫ್ಟಿಗೆ ಹೋದ ಮೇಲೆ ಗಂಟು ಬಿಚ್ಚುವುದು, ಸೈರನ್ ಕೂಗುವುದರೊಳಗೆ ಕಟ್ಟುವುದು. ನನಗಿದ್ದ ಹೆಸರು ‘ಪೀಸಕ್ಕ’. ಬೇರೆ ಹೆಸರು ಅಲ್ಲಿ ಯಾರಿಗೂ ಬೇಕಿರಲಿಲ್ಲ.

ಹೆಂಗಸರ ಅಳತೆ ತಗೊಳ್ಳುವವಳಿಗೆ ತೋಳು, ಬೆನ್ನು ಎಲ್ಲ ಕಾಣುತ್ತವೆ. ಬಾಸುಂಡೆ ಕಂಡು ಕೇಳಿದರೆ ಒಂದೇ ಉತ್ತರ: ಬಚ್ಚಲಲ್ಲಿ ಜಾರಿ ಬಿದ್ದೆ. ಆ ಸಾಲಿನ ಬಚ್ಚಲುಗಳಷ್ಟು ಜಾರುವ ಬಚ್ಚಲು ಭೂಮಿ ಮೇಲೆ ಎಲ್ಲೂ ಇರಲಿಕ್ಕಿಲ್ಲ. ಗಂಡಸರು ಮಾತ್ರ ಅದೇ ಬಚ್ಚಲಲ್ಲಿ ಸ್ನಾನ ಮಾಡಿ ಹಾಡು ಹೇಳುತ್ತ ಹೊರಗೆ ಬರುತ್ತಿದ್ದರು. ಒಬ್ಬನೂ ಜಾರಲಿಲ್ಲ.

ನಾಗವೇಣಿ ಆ ಸಾಲಿನ ಕೊನೆಯ ಮನೆಯವಳು. ಗಂಡ ಪರಮೇಶಿ ಎರಕದ ಶಾಪಿನಲ್ಲಿ ಕೆಲಸಕ್ಕಿದ್ದ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದ ಹೆಂಗಸು ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಅದು ಅವಳು. ಬಟ್ಟೆಯನ್ನು ಬೆಳಕಿಗೆ ಹಿಡಿದು, ಅಂಚು ಎಳೆದು, ಉಗುಳು ಹಚ್ಚಿ ತಿಕ್ಕಿ ನೋಡಿ, “ಪೀಸಕ್ಕಾ, ಇದಕ್ಕೆ ಅಷ್ಟು ಕೇಳ್ತೀಯಲ್ಲ, ದೇವರಿಗೆ ಕಣ್ಣಿಲ್ಲ ಅನ್ಕೊಂಡಿದೀಯಾ?” ಅನ್ನುವಳು. ನಾನು ಗಂಟು ಕಟ್ಟುವಂತೆ ನಾಟಕ ಮಾಡಿದರೆ ಅವಳು ಬಾಗಿಲು ಹಾಕುವಂತೆ ನಾಟಕ ಮಾಡುವಳು. ಕೊನೆಗೆ ಇಬ್ಬರಿಗೂ ನಗು ಬಂದು ಅವಳ ರೇಟಿಗೇ ಕೊಟ್ಟು ಬರುತ್ತಿದ್ದೆ. ಇಷ್ಟು ಜಾಣೆ ಗಂಡನ ಕೈಯಲ್ಲಿ ಯಾಕೆ ಹೊಡೆತ ತಿಂದಳು ಅಂತ ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಅವನು ಯಾಕೆ ಹೊಡೆದ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಒಂದು ಮಧ್ಯಾಹ್ನ ಅವಳು ಟ್ರಂಕು ಎಳೆದು ತಂದು ನನ್ನ ಮುಂದೆ ತೆರೆದಳು. ಒಳಗೆ ತುಂಬ ಬ್ಲೌಸ್ ಪೀಸುಗಳು. “ಇವನ್ನೆಲ್ಲ ವಾಪಸ್ ತಗೋ ಪೀಸಕ್ಕಾ. ಒಂದೂ ಹೊಲಿಸೋಕೆ ಬರಲ್ಲ,” ಅಂದಳು. ಎಲ್ಲ ನನ್ನ ಮಾಲೇ, ಕಂಡ ಕೂಡಲೇ ಗುರುತು ಹತ್ತಿತು. ಆದರೆ ನಾನು ಮಾರಿದ್ದು ಇವಳಿಗಲ್ಲ, ಆರನೇ ಮನೆಯ ಸುಂದರಮ್ಮನಿಗೆ.

“ಇಷ್ಟೊಂದು ಯಾಕೆ ಕೊಟ್ರು ನಿಂಗೆ?”

“ಒಂದೊಂದು ರಾಜಿಗೆ ಒಂದೊಂದು,” ಅಂದಳು. ನಕ್ಕಳು ಕೂಡ.

ಈ ರಾಜಿ ಅನ್ನುವುದನ್ನು ಸ್ವಲ್ಪ ವಿವರಿಸಬೇಕು. ಸುಂದರಮ್ಮನ ಗಂಡ ರಂಗಪ್ಪ ಕಾರ್ಖಾನೆಯಲ್ಲಿ ಚಾರ್ಜ್‌ಮನ್. ಸಾಲಿಗೆಲ್ಲ ಹಿರಿಯ. ಯಾರ ಮನೆಯಲ್ಲಿ ಜಗಳವಾದರೂ ನ್ಯಾಯ ಅವರ ಜಗುಲಿ ಮೇಲೆ. ಹೊಡೆದವನಿಗೆ ಕುರ್ಚಿ, ಹೊಡೆಸಿಕೊಂಡವಳಿಗೆ ಬಾಗಿಲ ಸಂದಿ. “ಏನೋ ಪರಮೇಶಿ, ಕೈ ಸ್ವಲ್ಪ ಬಿಗಿ ಹಿಡೀಬೇಕಪ್ಪ,” ಅಂತ ಅವನಿಗೆ. “ನೀನೂ ಅಷ್ಟೇ ತಾಯಿ, ಅವನು ದಣಿದು ಬಂದಾಗ ಎದುರು ಮಾತಾಡ್ಬೇಡ,” ಅಂತ ಇವಳಿಗೆ. ತೂಕ ಸರಿಯಾಯಿತು ನೋಡಿ. ಆಮೇಲೆ ಕಾಫಿ. ಗಂಡಸರು ಕಾಫಿ ಕುಡಿಯುವಾಗ ಸುಂದರಮ್ಮ ನಾಗವೇಣಿಯನ್ನು ಒಳಗೆ ಮಣೆ ಮೇಲೆ ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಅಕ್ಕಿ ಬೆಲ್ಲ ಕಾಯಿ ಎಲೆ ಅಡಿಕೆ ಇಟ್ಟು, ಮೇಲೊಂದು ಪೀಸು ಇಟ್ಟು, ಮಡಿಲು ತುಂಬುವುದು. ತವರಿನವರು ಮಗಳನ್ನು ಹರಸಿ ಕಳಿಸುವ ಶಾಸ್ತ್ರ ಅದು. ಅದನ್ನು ಇವರು ಹೊಡೆತದ ರಸೀದಿ ಮಾಡಿಕೊಂಡಿದ್ದರು. ಮಡಿಲು ತುಂಬಿಸಿಕೊಂಡವಳು ಮಾತಿಲ್ಲದೆ ಗಂಡನ ಹಿಂದೆ ಹೋಗಬೇಕು. ಅಲ್ಲಿಗೆ ನ್ಯಾಯ ಮುಗಿಯಿತು.

“ನನ್ನ ಮನೆಗೆ ಬಂದ್ಬಿಡು ಮಾರಾಯ್ತಿ. ಗಂಟು ಹೊರೋಕೆ ಇನ್ನೊಂದು ತಲೆ ಆಗತ್ತೆ,” ಅಂದೆ.

“ಬಂದ್ರೆ ರಾಜಿನೂ ನಿನ್ನ ಮನೆಗೇ ಬರತ್ತೆ ಪೀಸಕ್ಕಾ. ಅವರಿಗೆ ಕಾಫಿ ಮಾಡಿ ಮಾಡಿ ನಿನ್ನ ಹಾಲು ಖರ್ಚಾಗತ್ತೆ ಅಷ್ಟೇ,” ಅಂದಳು.

ಅವಳು ಬಸುರಿಯಾದಾಗ ಇನ್ನು ಸರಿಹೋಗುತ್ತದೆ ಅಂದರು ಎಲ್ಲರೂ. ಅವನು ಹೊಟ್ಟೆಗೆ ಒದ್ದ. ಬಸುರು ಇಳಿಯಿತು. ಅದಕ್ಕೂ ರಾಜಿ ಆಯಿತು, ಕೇಳಿದಿರಾ? ಅದಕ್ಕೂ ಮಡಿಲು ತುಂಬಿದರು. ಯಾವ ಮಡಿಲು ಅಂತ ಯಾರೂ ಯೋಚನೆ ಮಾಡಲಿಲ್ಲ. ಇಲ್ಲಿ ನಾನು ಸ್ವಲ್ಪ ನೀರು ಕುಡಿದು ಮುಂದುವರಿಯುತ್ತೇನೆ.

ಆ ರಾಜಿಯಾಗಿ ತಿಂಗಳು ತುಂಬುವ ಮುಂಚೆ ಒಂದು ಸಂಜೆ, ನಾಗವೇಣಿಯ ಪಕ್ಕದ ಮನೆಯ ಸೆಲ್ವಿ ಶಿವಮೊಗ್ಗಕ್ಕೆ ಬಂದು ನನ್ನ ಮನೆ ಹುಡುಕಿದಳು. ತಮಿಳಿನವಳು, ಗಾಬರಿಯಾದರೆ ಕನ್ನಡ ಕೈ ಕೊಡುತ್ತಿತ್ತು. “ಅಕ್ಕಾ, ವೇಣಿನ ಪೊಲೀಸು ಕರ್ಕೊಂಡೋಯ್ತು. ಅವನು ಸತ್ತೋದ. ಅಯ್ಯೋ ಕಡವುಳೇ, ದೇವರೇ, ನಾನು ಗೋಡೆ ಈ ಕಡೆ ಇದ್ದೆ, ಎಲ್ಲಾ ಕೇಳಿಸ್ತು!”

ನಡೆದದ್ದು ಇಷ್ಟು. ಪರಮೇಶಿ ಅಡಿಗೆಮನೆಯಲ್ಲಿ ಅವಳನ್ನು ನೆಲಕ್ಕೆ ಕೆಡವಿ ಎರಡೂ ಕೈಯಲ್ಲಿ ಕುತ್ತಿಗೆ ಹಿಸುಕಿದ್ದ. ಕಣ್ಣು ಕತ್ತಲಾಗುವಾಗ ಅವಳ ಕೈಗೆ ದೋಸೆ ಕಾವಲಿ ಸಿಕ್ಕಿತು. ಎರಕದ ಕಬ್ಬಿಣದ್ದು, ಅವನೇ ಶಾಪಿನಲ್ಲಿ ಮಾಡಿಸಿ ತಂದದ್ದು. ಸಿಕ್ಕ ಕಡೆ ಬೀಸಿದಳು. ತಲೆಗೆ ಬಿತ್ತು. ಅವನು ಮಾರನೇ ದಿನ ಆಸ್ಪತ್ರೆಯಲ್ಲಿ ಸತ್ತ. ಇವಳು ಓಡಿಹೋಗಲಿಲ್ಲ, “ನಾನೇ ಹೊಡ್ದೆ” ಅಂತ ಬಾಗಿಲಲ್ಲೇ ಕೂತಿದ್ದಳು. ಆ ಎರಡು ಮಾತಿನ ಮೇಲೇ ಕೊಲೆ ಕೇಸು ಹಾಕಿದರು. ಅವಳ ಕುತ್ತಿಗೆ ಹೇಗಿದೆ ಅಂತ ಆಗ ಯಾರೂ ಸೆರಗು ಸರಿಸಿ ನೋಡಲಿಲ್ಲ. ನೋಡುವ ಹೊತ್ತಿಗೆ ಗುರುತು ಮಾಸಿತ್ತು.

ವರ್ಷಗಟ್ಟಲೆ ಅವನು ಹೊಡೆದದ್ದು ಸಂಸಾರ. ಒಂದು ಸಲ ಅವಳು ಹೊಡೆದದ್ದು ಅಪರಾಧ. ನನ್ನ ಸಿಟ್ಟಿನ ಒಟ್ಟು ಮೊತ್ತ ಇಷ್ಟೇ.

ಆಗ ಜೈಲು ಶಿವಮೊಗ್ಗದ ಊರೊಳಗೇ ಇತ್ತು. ಈಗ ಸೋಗಾನೆಗೆ ಹೋಗಿದೆ, ವಿಮಾನ ಏರುವುದೂ ಅಲ್ಲೇ. ಹಳೇ ಜೈಲಿನ ಬಯಲಲ್ಲಿ ಜನ ಚುರುಮುರಿ ತಿನ್ನುತ್ತ ಭಾಷಣ ಕೇಳುತ್ತಾರೆ. ನಾನು ಸಮಾಜ ಸೇವಕಿಯಲ್ಲ. ಜೈಲಿನ ಗೋಡೆ ಪಕ್ಕ ಹೋಗುವಾಗ ತಲೆ ಮೇಲಿನ ಗಂಟನ್ನು ಆ ಕಡೆ ವಾಲಿಸಿ ಮುಖ ಮರೆಮಾಡಿಕೊಂಡು, ಬೇಗ ದಾಟುತ್ತಿದ್ದವಳು. ಆದರೆ ಅವಳ ತವರಿನವರು ಕೈ ತೊಳೆದುಕೊಂಡಿದ್ದರು. ಗಂಡನ ಕಡೆಯವರ ಮಾತೇ ಬೇಡ. ಸರಿ, ಹೋದೆ. ಒಂದು ಸೋಪು, ಹಣಿಗೆ, ಒಳಲಂಗ ತಗೊಂಡು. ಜಾಲರಿ ಆಚೆ ಅವಳು, ಈಚೆ ನಾನು. ಅಕ್ಕಪಕ್ಕದವರೆಲ್ಲ ಕಿರುಚಿಕೊಂಡು ಮಾತಾಡುತ್ತಿದ್ದರು.

“ಊಟ ಸೇರ್ತದಾ?” ಅಂತ ಕೂಗಿದೆ.

“ಪೀಸಕ್ಕಾ, ನಿದ್ದೆ ಬರ್ತಿದೆ!” ಅಂತ ಕೂಗಿದಳು. “ಬಾಗಿಲಿಗೆ ಹೊರಗಿಂದ ಬೀಗ ನೋಡು, ಯಾರೂ ಒಳಗೆ ಬರೋಕಾಗಲ್ಲ.”

ಜೈಲಿನ ಬೀಗದಲ್ಲಿ ಒಬ್ಬಳಿಗೆ ನೆಮ್ಮದಿ ಸಿಗುತ್ತದೆ ಅಂದರೆ ಹೊರಗಿನ ಊರು ಎಂಥದ್ದಿರಬೇಕು, ನೀವೇ ಹೇಳಿ.

ಅವಳಿಗೆ ಕೋರ್ಟಿನಿಂದ ಕೊಟ್ಟ ವಕೀಲೆ ಶೈಲಜಾ ಅಂತ. ಎಳೇ ಹುಡುಗಿ, ಕೋಟು ಭುಜದಿಂದ ಜಾರುತ್ತಿತ್ತು. ಹೊಲಿದವನ ಕೈ ಮುರಿಯ, ಅಳತೆ ತಗೊಂಡೇ ಇರಲಿಲ್ಲ. ನಾನು ಮೊದಲ ದಿನವೇ ಅದನ್ನು ಹೇಳಿದೆ. ಅವಳು ನಕ್ಕು, “ಆಂಟಿ, ಕೋಟು ಆಮೇಲೆ. ಮೊದ್ಲು ಸಾಕ್ಷಿ ಬೇಕು,” ಅಂದಳು. ಪ್ರಾಣ ಉಳಿಸಿಕೊಳ್ಳೋಕೆ ಹೊಡೆದಳು ಅಂತ ವಾದ ಮಾಡಬಹುದು. ಆದರೆ ಅವನು ಹಿಂದೆ ಹೊಡೆಯುತ್ತಿದ್ದ ಅನ್ನೋದಕ್ಕೆ ಒಂದು ದೂರಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಪ್ರತಿ ಸಲ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ.

“ರಾಜಿಗಳು ಆಗಿವೆಯಲ್ಲ! ಹೊಡೀದೇ ರಾಜಿ ಯಾಕೆ ಆಗತ್ತೆ?” ಅಂದೆ.

“ಅದೇ ಆಂಟಿ ತೊಂದರೆ,” ಅಂದಳು. ಆಮೇಲೆ ವಿಷಯ ಹೇಳಿದಳು. ಚಾರ್ಜ್‌ಮನ್ ರಂಗಪ್ಪ ಸರ್ಕಾರಿ ಕಡೆ ಸಾಕ್ಷಿ. ಹಿರಿಯರು ಸೇರಿ ರಾಜಿ ಮಾಡಿದ್ದೆವು, ಗಂಡ ಹೆಂಡತಿ ಅನ್ಯೋನ್ಯವಾಗಿದ್ದರು, ನಮ್ಮ ಮನೆಯಿಂದಲೇ ಮಡಿಲು ತುಂಬಿ ಸಂತೋಷದಿಂದ ಕಳಿಸಿದ್ದೆವು, ತಿಂಗಳೊಳಗೆ ಇವಳು ಹೀಗೆ ಮಾಡಿದಳು ಅಂತ ಹೇಳಿಕೆ ಕೊಟ್ಟಿದ್ದಾರೆ. ಗೊತ್ತಾಯಿತಲ್ಲ? ಅವಳ ಹೊಡೆತ ಮುಚ್ಚುವುದಕ್ಕೆ ತುಂಬಿದ ಮಡಿಲು, ಈಗ ಹೊಡೆತವೇ ಇರಲಿಲ್ಲ ಅನ್ನುವುದಕ್ಕೆ ಪುರಾವೆ. ಜೀವಾವಧಿ ಆಗಬಹುದು ಅಂದಳು ಶೈಲಜಾ. ಸೆಲ್ವಿ ಸಾಕ್ಷಿ ಹೇಳುತ್ತಾಳೆ, ಆದರೆ ಅವಳು ಗೋಡೆ ಆಚೆ ಕೇಳಿದವಳು, ಮೇಲಾಗಿ ಗೆಳತಿ. “ಆ ರಾಜಿ ಮಾಡಿದ ಮನೆಯವರೇ ಯಾರಾದ್ರೂ ಬಾಯಿ ಬಿಡ್ಬೇಕು.”

ಆ ಮನೆಯಲ್ಲಿ ಇನ್ನೊಂದು ಬಾಯಿ ಇದ್ದದ್ದು ಸುಂದರಮ್ಮನದು.

ಪ್ಯಾಸೆಂಜರ್ ರೈಲಿನಲ್ಲಿ ಭದ್ರಾವತಿಗೆ ಹೋಗುವಾಗ ದಾರಿಯುದ್ದ ಚೌಕಾಸಿಯ ತಯಾರಿ ಮಾಡಿದೆ. ನಿಮಗೂ ಹೇಳಿಕೊಡುತ್ತೇನೆ, ಉಪಯೋಗಕ್ಕೆ ಬಂದೀತು. ಗಿರಾಕಿಗೆ ಇಡೀ ಸೀರೆ ತೋರಿಸಬಾರದು, ಸೆರಗು ತೋರಿಸಬೇಕು. ಬೇಡ ಅಂದವರಿಗೆ ಎದುರು ಹೇಳಬಾರದು, ಕೈ ನೋಡಬೇಕು. ಬಾಯಲ್ಲಿ ಬೇಡ ಅನ್ನುತ್ತ ಅಂಚು ಬಿಡದವರು ತಗೊಂಡೇ ತಗೊಳ್ಳುತ್ತಾರೆ. ಮುಖ್ಯವಾಗಿ, ಸಿಟ್ಟು ಮಾಡಬಾರದು. ಸಿಟ್ಟು ಮಾಡಿದ ವ್ಯಾಪಾರಿ ಬೋಣಿಯಿಲ್ಲದೆ ಮನೆಗೆ ಹೋಗುತ್ತಾನೆ.

ರಂಗಪ್ಪ ಶಿಫ್ಟಿಗೆ ಹೋಗಿದ್ದರು. ಸುಂದರಮ್ಮ ಹಿತ್ತಲ ಬಾಗಿಲಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಗಂಟು ಬಿಚ್ಚಿದೆ.

“ಇವತ್ತು ಏನೂ ಬೇಡ,” ಅಂದರು.

“ತಗೋಬೇಡಿ ಸುಂದರಮ್ಮನೋರೇ, ನೋಡಿ.”

“ನೀನು ಪೀಸು ಮಾರೋಕೆ ಬಂದಿಲ್ಲ. ಸೆಲ್ವಿ ಎಲ್ಲ ಹೇಳಿದಾಳೆ. ಯಜಮಾನ್ರು ಆಗ್ಲೇ ಹೇಳಿಕೆ ಕೊಟ್ಟಾಗಿದೆ. ಅವರ ವಿರುದ್ಧ ನಾನು ಕೋರ್ಟ್ ಹತ್ತಲಾ, ಈ ವಯಸ್ಸಲ್ಲಿ?”

“ವಿರುದ್ಧ ಯಾಕೆ? ಅವರು ಜಗುಲಿ ಮೇಲೆ ಕಂಡಿದ್ದು ಹೇಳಿದ್ರು. ನೀವು ಒಳಗೆ ಕಂಡಿದ್ದು ಹೇಳಿ. ಅಷ್ಟೇ.”

“ಎಷ್ಟು ಸಲೀಸಾಗಿ ಅಂತೀಯ ಮಾರಾಯ್ತಿ. ಅಷ್ಟೇ ಅಂತೆ, ಅಷ್ಟೇ. ನಾಳೆ ಈ ಮನೇಲಿ ನಾನು ಹೆಂಗೆ ಬದುಕೋದು?”

“ಅವಳು ಹೇಗೆ ಬದುಕಿದ್ಲೋ ಹಾಗೆ,” ಅನ್ನಬೇಕು ಅನ್ನಿಸಿತು. ನುಂಗಿದೆ. ಅವರ ಕೈ ನೋಡಿದೆ. ಬೆರಳು ಮೊರದಲ್ಲಿ ಓಡಾಡುತ್ತಿದ್ದವು, ಆದರೆ ಕಲ್ಲಿನ ಜೊತೆ ಒಳ್ಳೆ ಅಕ್ಕಿಯನ್ನೂ ಆರಿಸಿ ಆಚೆಗೆ ಎಸೆಯುತ್ತಿದ್ದರು. ಗಿರಾಕಿ ಅಂಚು ಹಿಡಿದಿದೆ ಅಂತ ನನಗೆ ಗೊತ್ತಾಯಿತು. ಅಲ್ಲಿಗೆ ಸುಮ್ಮನಿದ್ದಿದ್ದರೆ ನಾನು ಜಾಣೆ. ಸುಮ್ಮನಿರಲಿಲ್ಲ. ಆ ಮೊರ, ಆ ಅಕ್ಕಿ ನೋಡಿ ಒಳಗಿಂದ ಏನೋ ಉಕ್ಕಿತು.

“ಇದೇ ಅಕ್ಕಿ ಅಲ್ವಾ ನೀವು ಅವಳ ಮಡಿಲಿಗೆ ಹಾಕಿದ್ದು? ಆ ಮಡಿಲಿಗೇ ಅಲ್ವಾ ಅವನು ಒದ್ದಿದ್ದು? ಒದ್ದ ಮೇಲೂ ಹಾಕಿದ್ರಲ್ಲ, ಕೈ ಹೇಗೆ ಬಂತು ನಿಮಗೆ?”

ಸುಂದರಮ್ಮ ಮೊರ ಕೆಳಗಿಟ್ಟರು. “ಎದ್ದು ಹೋಗು,” ಅಂದರು. ಕೂಗಲಿಲ್ಲ. ಕೂಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ವಾಪಸು ಬರುವ ರೈಲಿನಲ್ಲಿ ನನಗೆ ನಾನೇ ಬೈದುಕೊಂಡೆ. ಊರಿಗೆಲ್ಲ ವ್ಯಾಪಾರ ಕಲಿಸುವವಳು ಇದ್ದ ಒಂದೇ ಗಿರಾಕಿಯನ್ನು ಬೈದು ಓಡಿಸಿ ಬಂದಿದ್ದೆ. ಶೈಲಜಾ ಮಾತ್ರ ಸುಂದರಮ್ಮನಿಗೆ ಕೋರ್ಟಿನಿಂದ ಸಮನ್ಸ್ ಕಳಿಸಿದಳು. “ಬಂದ್ರೆ ಬರ್ಲಿ, ಇಲ್ದಿದ್ರೆ ಇಲ್ಲ. ಬಂದು ಗಂಡ ಹೇಳಿದ್ದನ್ನೇ ಹೇಳಿದ್ರೆ ಮುಗೀತು ಆಂಟಿ,” ಅಂದಳು.

ಬಂದರು. ಗಂಡನ ಜೊತೆಗೇ ಬಂದರು. ರಂಗಪ್ಪ ಇಸ್ತ್ರಿ ಮಾಡಿದ ಶರಟು ಹಾಕಿ, ಕೋರ್ಟ್ ಹಾಲಿನ ಬೆಂಚಿನಲ್ಲಿ ಜಗುಲಿ ಮೇಲೆ ಕೂರುವ ಹಾಗೆಯೇ ಕೂತರು. ಸುಂದರಮ್ಮ ಕಟಕಟೆ ಹತ್ತುವಾಗ ನನ್ನ ಕಡೆ ನೋಡಲಿಲ್ಲ, ನಾಗವೇಣಿ ಕಡೆಯೂ ನೋಡಲಿಲ್ಲ.

ಶೈಲಜಾ ಕೇಳಿದಳು: “ರಾಜಿ ನಡೆಯುವಾಗ ನೀವೆಲ್ಲಿರ್ತಿದ್ರಿ ಅಮ್ಮ?”

“ಒಳಗೆ. ಮಡಿಲು ತುಂಬೋಕೆ ಎಲ್ಲ ಜೋಡಿಸ್ತಿದ್ದೆ.”

“ತುಂಬುವಾಗ ನಾಗವೇಣಿ ಹೇಗಿರ್ತಿದ್ದರು?”

ಸುಂದರಮ್ಮ ಬೆಂಚಿನಲ್ಲಿದ್ದ ಗಂಡನ ಕಡೆ ನೋಡಿದರು. ಮುಗಿಯಿತು ಅಂದುಕೊಂಡೆ.

“ಕೆನ್ನೆಗೆ ಅರಿಶಿನ ಹಚ್ಚೋವಾಗ ಗಲ್ಲ ಹಿಡಿದು ಮುಖ ಎತ್ತಿಸ್ತೀವಲ್ಲ ಸ್ವಾಮಿ,” ಅಂದರು ಸುಂದರಮ್ಮ, ನ್ಯಾಯಾಧೀಶರಿಗೇ ಹೇಳುವ ಹಾಗೆ. “ಆಗ ಎಲ್ಲ ಕಾಣ್ತದೆ. ಒಂದ್ಸಲ ಕಣ್ಣು ಊದಿ ಮುಚ್ಚಿಹೋಗಿತ್ತು. ಒಂದ್ಸಲ ತುಟಿ ಹರಿದಿತ್ತು. ಕುತ್ತಿಗೆ ಮೇಲೆ ಬೆರಳಿನ ಗುರುತು ಆವಾಗ್ಲೇ ಇತ್ತು, ಕೊನೇ ಸಲವೂ ಇತ್ತು. ಬಸುರು ಹೋದಾಗ ಕೂರೋಕೆ ಆಗ್ತಿರ್ಲಿಲ್ಲ, ಗೋಡೆಗೆ ಒರಗಿಸಿ ತುಂಬಿದೆ.”

“ನೀವೇನು ಮಾಡಿದ್ರಿ?”

“ಅರಿಶಿನ ಗಾಯಕ್ಕೆ ಒಳ್ಳೇದು ಅಂತ... ಸ್ವಲ್ಪ ಜಾಸ್ತಿ ಹಚ್ಚಿದೆ.”

ಸರ್ಕಾರಿ ವಕೀಲರು ಎದ್ದರು. “ಆದ್ರೂ ರಾಜಿ ಆಗಿತ್ತು ತಾನೇ ಅಮ್ಮ? ಅವಳು ಒಪ್ಪಿ ತಾನೇ ಹೋದದ್ದು?”

“ರಾಜಿ ಗಂಡಸರು ಗಂಡಸರು ಮಾಡಿಕೊಂಡಿದ್ದು. ಅವಳನ್ನ ಯಾರು ಕೇಳಿದ್ರು? ಮಡಿಲಲ್ಲಿ ಅಕ್ಕಿ ಇಟ್ಕೊಂಡೋಳು ಹೆಂಗೆ ಓಡ್ತಾಳೆ? ಎರಡೂ ಕೈಲಿ ಸೆರಗು ಹಿಡ್ಕೊಂಡಿರಬೇಕಲ್ಲ.”

ರಂಗಪ್ಪ ಬೆಂಚಿನಿಂದ ಎದ್ದು ಹೊರಗೆ ಹೋದರು. ಸುಂದರಮ್ಮ ನೋಡಿದರು. ನೋಡಿಯೂ ಮುಂದುವರಿಸಿದರು. ಅವರು ಕಟಕಟೆ ಇಳಿದಾಗ ನಾಗವೇಣಿ ಮುಖ ಮುಚ್ಚಿಕೊಂಡಿದ್ದಳು. ಆ ಸಂಜೆ ಸುಂದರಮ್ಮ ಗಂಡನ ಮನೆಗೆ ಹೋಗಲಿಲ್ಲ, ಮಗಳ ಮನೆಗೆ ಹೋದರು. ಬಸ್ ಸ್ಟ್ಯಾಂಡಿನವರೆಗೂ ನಾನೇ ಬಿಟ್ಟುಬಂದೆ. ದಾರಿಯಲ್ಲಿ ಒಂದೇ ಮಾತಾಡಿದರು: “ಅವತ್ತು ನೀನು ಬೈದು ಹೋದೆಯಲ್ಲ, ಆ ಅಕ್ಕಿ ಬೇಯಿಸೋಕೆ ಆಗ್ಲಿಲ್ಲ. ಹಕ್ಕಿಗೆ ಹಾಕ್ಬಿಟ್ಟೆ.”

ಕೋರ್ಟು ಕೊಲೆ ಅನ್ನಲಿಲ್ಲ. ಆದರೆ ಪೂರ್ತಿ ಬಿಡಲೂ ಇಲ್ಲ. ಮಿತಿ ಮೀರಿ ಹೊಡೆದಳು ಅಂತ ಸಣ್ಣ ಕಲಮಿನಲ್ಲಿ ತಪ್ಪಿತಸ್ಥೆ ಮಾಡಿ, ಅಷ್ಟು ಕಾಲ ಒಳಗಿದ್ದುದನ್ನೇ ಶಿಕ್ಷೆ ಅಂತ ತಿಳಿದು ಬಿಡುಗಡೆ ಮಾಡಿತು. ಎಲ್ಲರೂ ನನ್ನನ್ನು ಅಭಿನಂದಿಸಿದರು. ನನಗೆ ಮೈ ಉರಿಯಿತು. ಯಾವ ಮಿತಿ? ಕುತ್ತಿಗೆ ಹಿಸುಕುತ್ತಿರುವವನಿಗೆ ಎಷ್ಟು ತೂಕದ ಕಾವಲಿಯಲ್ಲಿ ಹೊಡೆಯಬೇಕು ಅಂತ ಅಂಗಡಿಗೆ ಹೋಗಿ ಆರಿಸಿ ತರಬೇಕಿತ್ತೇ? ಶೈಲಜಾ ನನ್ನ ತೋಳು ಹಿಡಿದು, “ಆಂಟಿ, ಹೊರಗೆ ಬಂದ್ಲು. ಇವತ್ತಿಗೆ ಅಷ್ಟು ಸಾಕು,” ಅಂದಳು. ಇವತ್ತಿಗೆ ಅನ್ನುವ ಮಾತು ಹಿಡಿಸಿತು.

ಅವಳು ಗೇಟಿನಿಂದ ಹೊರಬರುವ ದಿನ ನಾನೊಂದು ರವಿಕೆ ತಗೊಂಡು ಹೋಗಿದ್ದೆ. ಪೀಸಲ್ಲ, ರವಿಕೆ. ಜಾಲರಿ ಆಚೆಯಿಂದ ಕಣ್ಣಳತೆ ಹಿಡಿದು, ಗಟ್ಟಿ ಬಟ್ಟೆಯಲ್ಲಿ, ನಾನೇ ಕೂತು ಹೊಲಿಸಿದ್ದು. ಜಾಲರಿ ಮೋಸ ಮಾಡಿತ್ತು. ಹಾಕಿಕೊಂಡು ನೋಡಿ, “ತೋಳು ಬಿಗಿ ಪೀಸಕ್ಕಾ. ಇದಕ್ಕೆ ಮಜೂರಿ ಕೊಟ್ಟೆಯಾ?” ಅಂದಳು. ಎರಡು ಮೂರು ವರ್ಷದ ಮೇಲೆ ಕೇಳಿದ ಆ ತಕರಾರಿಗೆ ನಾನು ರಸ್ತೆಯಲ್ಲೇ ಅತ್ತೆ. ಅವಳು ಅಳಲಿಲ್ಲ. ಗೇಟಿನ ಕಡೆ ತಿರುಗಿ, “ಒಳಗೆ ಒಬ್ಬಳಿದಾಳೆ. ನನ್ನ ಥರದ್ದೇ. ನೋಡೋಕೆ ಯಾರೂ ಬರಲ್ಲ. ಮುಂದಿನ ವಾರ ಬರ್ತೀವಿ ಅಂತ ಹೇಳಿ ಬಂದಿದೀನಿ,” ಅಂದಳು. ಬರ್ತೀವಿ! ನನ್ನನ್ನು ಕೇಳದೆ ನನ್ನ ವಾರ ಮಾರಿ ಬಂದಿದ್ದಳು. ಚೌಕಾಸಿಗೆ ಅವಕಾಶವೇ ಇರಲಿಲ್ಲ.

ಹಾಗೆ ಶುರುವಾಯಿತು. ನಾಗವೇಣಿ ಹಾಸ್ಟೆಲ್ಲೊಂದರಲ್ಲಿ ಅಡಿಗೆಗೆ ಸೇರಿದಳು. ರಜೆ ಸಿಕ್ಕ ದಿನ ನಾವಿಬ್ಬರೂ ಜಾಲರಿ ಮುಂದೆ. ಶೈಲಜಾ ಕಾನೂನು ಹುಡುಕುವಳು, ನಾವು ಮನುಷ್ಯರನ್ನು ಹುಡುಕುವುದು. ಎಲ್ಲ ಕೇಸಿನಲ್ಲೂ ಗೆದ್ದೆವು ಅಂದರೆ ಸುಳ್ಳು. ಒಬ್ಬಳಿಗೆ ಜೀವಾವಧಿಯೇ ಆಯಿತು. ಅವಳ ಮನೆಯ ಸುಂದರಮ್ಮ ಬಾಯಿ ಬಿಡಲಿಲ್ಲ. ಆದರೆ ಒಂದು ಕಲಿತೆ, ಅದನ್ನು ಕಂಡವರಿಗೆಲ್ಲ ಹೇಳುತ್ತೇನೆ, ನೀವೂ ಕೇಳಿಸಿಕೊಳ್ಳಿ: ಏಟು ಬಿದ್ದ ದಿನವೇ ದೊಡ್ಡಾಸ್ಪತ್ರೆಗೆ ಹೋಗಿ. ಡಾಕ್ಟರು ಕೇಳಿದರೆ ಹೊಡೆದವನ ಹೆಸರು ಹೇಳಿ, ಬರೆಸಿ. ಬಚ್ಚಲಿನ ಹೆಸರು ಹೇಳಬೇಡಿ. ಬಚ್ಚಲನ್ನು ಯಾರೂ ಕಟಕಟೆಗೆ ಹತ್ತಿಸಲಾರರು.

ಅಗೋ, ಕಾಫಿ ಬಂತು.

ಆ ಹೆಂಗಸು ಕಾಫಿ ಕುಡಿದರು. “ಪೀಸು?” ಅಂದರು.

“ಹಾಕ್ಕೊಳ್ಳೋಳನ್ನೇ ಕರ್ಕೊಂಡು ಬನ್ನಿ. ಅವಳೇ ಆರಿಸ್ಲಿ,” ಅಂದೆ.

“ಅವಳು ಎಲ್ಲಿ ಬರ್ತಾಳೆ. ಮುಖ... ಬಿಸಿಲಿಗೆ ಆಗಲ್ಲ ಅವಳಿಗೆ.” ಎದ್ದು ನಿಂತರು. “ಎದುರಂಗಡಿಯಲ್ಲಿ ಸಿಗತ್ತೆ ಬಿಡಿ. ಒಂದು ಪೀಸಿಗೆ ಇಷ್ಟೆಲ್ಲ ವಿಚಾರಣೆ ಯಾಕೆ?”

ಅವರು ಹೇಳಿದ್ದು ಸರಿ. ಎದುರಂಗಡಿಯಲ್ಲಿ ಸಿಗುತ್ತದೆ. ಕೊಡೋ ಪೀಸು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಇಷ್ಟು ವರ್ಷ ನಾನು ಜೈಲಿನ ಗೇಟಿಗೆ ಹೋಗಿ ನಿಂತಿದ್ದೆ, ಎಲ್ಲ ಆಗಿಹೋದ ಮೇಲೆ. ಅದಕ್ಕೆ ಮುಂಚೆ ಹೋಗಿ ನಿಲ್ಲಬೇಕಾದ ಬಾಗಿಲು ಇವರ ಮನೆಯದು, ಇವರೋ ಇಗೋ ಮೆಟ್ಟಿಲು ಇಳಿಯುತ್ತಿದ್ದಾರೆ.

“ನಿಲ್ಲಿ ಅಮ್ಮ,” ಅಂದೆ. ಬಂಡಲಿನ ಎಲ್ಲಕ್ಕಿಂತ ಒಳ್ಳೆ ಪೀಸು, ಹೊಲಿಸೋದೇ, ಎಳೆದು ಮಡಿಸಿದೆ. “ಇದನ್ನ ಸುಮ್ನೆ ಕೊಡ್ತೀನಿ. ಆದ್ರೆ ಒಂದು ಷರತ್ತು. ನಾನು ಮುತ್ತೈದೆ ಅಲ್ಲದಿದ್ರೂ ಹಿರಿಯಳು. ನಿಮ್ಮ ಮಗಳಿಗೆ ಅರಿಶಿನ ನಾನು ಹಚ್ತೀನಿ.”

ಪುಕ್ಕಟೆ ಅಂದರೆ ನಮ್ಮ ಕಡೆ ಯಾರೂ ಇಲ್ಲ ಅನ್ನುವುದಿಲ್ಲ. ಶಟರ್ ಎಳೆದೆ. ಆಟೋ ಹತ್ತಿದೆವು. ದಾರಿಯಲ್ಲಿ ಶೈಲಜಾಗೆ ಫೋನು ಮಾಡಿದೆ. ಈಗ ಅವಳ ತಲೆಯೂ ನೆರೆತಿದೆ, ಕೋಟು ಸರಿಯಾಗಿ ಕೂರುತ್ತದೆ.

ಆಲ್ಕೊಳ ಸರ್ಕಲ್ಲಿನಿಂದ ಒಳಗೆ ಹೊಸ ಮನೆ. ಹಾಲಿನಲ್ಲಿ ರಾಜಿಗೆ ಬಂದ ಹಿರಿಯರು ಸೋಫಾ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಮುಖಗಳು ಬೇರೆ, ಲೋಟ ಹಿಡಿಯುವ ರೀತಿ ಅದೇ. ಆಟೋದವನಿಗೆ ಕಾಯೋಕೆ ಹೇಳಿ ಒಳಗೆ ಹೋದೆ. ಹುಡುಗಿ ಮಣೆ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಮುಂದೆ ತಟ್ಟೆಯಲ್ಲಿ ಅಕ್ಕಿ, ಬೆಲ್ಲ, ಕಾಯಿ.

ಅರಿಶಿನದ ಬಟ್ಟಲು ಕೈಗೆ ತಗೊಂಡು, ಗಲ್ಲ ಹಿಡಿದು, “ಮುಖ ಎತ್ತು ಮಗಳೇ,” ಅಂದೆ.

ಎತ್ತಿದಳು.

ಬಟ್ಟಲು ಕೆಳಗಿಟ್ಟೆ. “ಹೊರಗೆ ಆಟೋ ಇದೆ. ದೊಡ್ಡಾಸ್ಪತ್ರೆಗೆ ಹೋಗೋಣ. ಅಲ್ಲಿಂದ ವಕೀಲರ ಹತ್ರ. ಆಮೇಲೆ ನೀನು ಎಲ್ಲಿಗೆ ಹೋಗಬೇಕೋ ನೀನೇ ಹೇಳು,” ಅಂದೆ.

ಅವಳು ತಾಯಿಯ ಮುಖ ನೋಡಿದಳು. ತಾಯಿ ನನ್ನನ್ನು ನೋಡಿದರು, ಹಾಲಿನ ಕಡೆ ನೋಡಿದರು, ಮಗಳ ಕೆನ್ನೆಯನ್ನು ನೋಡಿದರು. ಅದುವರೆಗೆ ನೋಡಿಯೇ ಇರಲಿಲ್ಲವೇನೋ ಅನ್ನುವ ಹಾಗೆ ನೋಡಿದರು. ಆಮೇಲೆ ಬಾಗಿಲ ಹಿಂದಿನಿಂದ ಮಗಳ ಚಪ್ಪಲಿ ತಂದು ಅವಳ ಕಾಲ ಮುಂದಿಟ್ಟು, ತಮ್ಮದನ್ನೂ ಮೆಟ್ಟಿಕೊಂಡರು.

ಹಾಲು ದಾಟುವಾಗ ಹಿರಿಯರೊಬ್ಬರು ಲೋಟ ಎತ್ತಿಕೊಂಡೇ, “ಏನಮ್ಮ ಇದು, ರಾಜಿ ಆಗಿದೆಯಲ್ಲ! ಮಡಿಲು ತುಂಬೋದು ಬೇಡ್ವಾ?” ಅಂದರು.

“ಅಕ್ಕಿ ಒಳಗೆ ತಟ್ಟೆಯಲ್ಲೇ ಇದೆ,” ಅಂದೆ. “ಕಲ್ಲು ಆರಿಸಿ, ಅನ್ನಕ್ಕಿಟ್ಕೊಳ್ಳಿ.”